ಕಹಿ ಭಂಡಾರ

"ನಾಲಿಗಿ ಮ್ಯಾಲ ಇಟ್ಕೋರಿ ಉಸ್ತಾದ್. ಒಂದ ಚಿಟಿಕಿ ಸಾಕು. ನಾನೂ ನೋಡ್ತೀನಿ."

ರುದ್ರವ್ವ ಹಿತ್ತಾಳೆಯ ಭಂಡಾರದ ಬಟ್ಟಲನ್ನು ತಾಲೀಮಿನ ಗರಡಿಯ ಕೆಮ್ಮಣ್ಣಿನ ಮೇಲೆ, ಲಾಲಪ್ಪನ ಮೊಣಕಾಲಿಗೆ ತಾಗುವಂತೆ ಇಟ್ಟಳು. ಇಟ್ಟವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎದುರಿನ ಮನುಷ್ಯ ಬಟ್ಟಲನ್ನು ಒದ್ದರೆ ಹಿಡಿಯಬೇಕಲ್ಲ, ಸಾಕ್ಷಿ ಮಣ್ಣುಪಾಲಾಗಬಾರದು.

ಬೆಳಗಿನ ಎಂಟೂವರೆ. ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಗೋದಾಮಿನ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಅವರಿಬ್ಬರೇ ಇದ್ದರು. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು, ಹಮಾಲರು ಒಬ್ಬರ ಮೇಲೊಬ್ಬರು ರೇಗುತ್ತಿದ್ದರು.

"ಭಂಡಾರ ನಾ ದಿನಾ ಹಚ್ಕೋತೀನಿ. ಇವತ್ತೇನು ಹೊಸಾದು?" ಲಾಲಪ್ಪ ನಕ್ಕ.

"ಹಣಿಗೆ ಹಚ್ಕೊಳ್ಳೂದಲ್ರಿ. ಹುಸೇನಪ್ಪನ ಬಾಯಾಗ ಹಾಕ್ತೀರಲ್ಲ, ಹಂಗ."

ಲಾಲಪ್ಪನ ನಗೆ ನಿಂತಿತು.

ಎರಡು ತಿಂಗಳಿಂದ ಹುಸೇನಪ್ಪನ ಮೈಯಿಂದ ಮಾಂಸಖಂಡ ಕದಿಯುತ್ತಿದ್ದ ಕಳ್ಳ ಈ ಬಟ್ಟಲಿನಲ್ಲೇ ಕೂತಿದ್ದಾನೆಂದು ರುದ್ರವ್ವ ಕಂಡುಹಿಡಿದು ಇಂದಿಗೆ ಮೂರು ದಿನ. ಕಳ್ಳನನ್ನು ಬಟ್ಟಲಿಗೆ ಹಾಕಿದ ಕೈ ಯಾವುದು ಎಂಬುದಷ್ಟೇ ಬಾಕಿ. ಬರುವ ಭಾನುವಾರ ಹುಸೇನಪ್ಪ 'ಕಾಮಗಾರ ಶ್ರೀ' ಎಂಬ ಕಾರ್ಮಿಕರ ದೇಹದಾರ್ಢ್ಯ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನಿಲ್ಲಬೇಕು. ಪುಣೆಯಲ್ಲಿ ಆ ವೇದಿಕೆಯ ಮೇಲೆ ಇದುವರೆಗೆ ಒಬ್ಬ ಕನ್ನಡ ಹಮಾಲನೂ ಹತ್ತಿರಲಿಲ್ಲ. ನಿಲ್ಲಬೇಕಾದ ಹುಡುಗನಿಗೆ ಈಗ ಬೈಠಕ್ ಹೊಡೆದು ಮೇಲೇಳಲು ಮೊಣಕಾಲಿನ ಮೇಲೆ ಕೈ ಊರಬೇಕಾಗಿತ್ತು.

ಲಾಲಪ್ಪನನ್ನು ಯಾರ್ಡಿನಲ್ಲಿ ಅರಿಯದವರಿಲ್ಲ. ದೇವದುರ್ಗದ ಕಡೆಯಿಂದ ಬರಿಗೈಲಿ ಬಂದು, ಮೂವತ್ತು ವರ್ಷ ಪುಣೆಯ ಪೇಟೆಗಳಲ್ಲಿ ಚೀಲ ಹೊತ್ತು, ಈಗ ಕನ್ನಡ ಹಮಾಲರ ಟೋಳಿಗೆ ಮುಖ್ಯಸ್ಥ, ಮುಕಾದಮನಾದವನು. ಈ ತಾಲೀಮು ಅವನೇ ಕಟ್ಟಿದ್ದು, ಹುಸೇನಪ್ಪನನ್ನು ತಯಾರು ಮಾಡಿದವನೂ ಅವನೇ. ದಿನಾ ಎರಡು ಹೊತ್ತು, ಕಬ್ಬಿಣ ಎತ್ತುವ ಮೊದಲು, ಮೈಲಾರಲಿಂಗನ ಹೆಸರು ಹೇಳಿ ಒಂದು ಚಿಟಿಕೆ ಭಂಡಾರವನ್ನು ಶಿಷ್ಯನ ನಾಲಿಗೆಯ ಮೇಲೆ ಇಡುತ್ತಿದ್ದ. ಅರಿಸಿನದ ಪುಡಿ, ದೇವರ ಪ್ರಸಾದ. ಯಾರು ಬೇಡ ಅಂದಾರು, ಯಾರು ಏನು ಅಂತ ಕೇಳಿಯಾರು?

ರುದ್ರವ್ವನ ಲೆಕ್ಕ ಸರಳವಾಗಿತ್ತು. ಬೆರಕೆ ಮಾಡಿದವನು ತನ್ನ ಬೆರಕೆಯನ್ನು ತಾನು ತಿನ್ನಲಾರ. ಹಿಂಜರಿದರೆ ಸಿಕ್ಕಿಬಿದ್ದ.

ಲಾಲಪ್ಪ ಮೂರು ಬೆರಳು ತುಂಬ ಭಂಡಾರ ತೆಗೆದುಕೊಂಡ. ಕಣ್ಣು ಮುಚ್ಚಿ "ಏಳುಕೋಟಿಗೆ" ಎಂದು ಮೈಲಾರನ ಜೈಕಾರ ಹೇಳಿದ. ಬಾಯಿಗೆ ಹಾಕಿಕೊಂಡ. ನುಂಗಿದ. ಮೀಸೆಗೆ ಅಂಟಿದ್ದನ್ನೂ ಬಿಡದೆ ನೆಕ್ಕಿದ.

ಅಯ್ಯ ಶಿವನೇ! ರುದ್ರವ್ವನ ಲೆಕ್ಕವೆಲ್ಲ ಬುಡಮೇಲಾಯಿತು.

"ಕಹಿ ಹತ್ತಲಿಲ್ಲೇನ್ರಿ?"

"ಹತ್ತೂದ ಬ್ಯಾಡೇನು? ಔಷಧ ಅಂದಮ್ಯಾಲ ಕಹೀನ ಇರತದ."

"ಔಷಧ?"

"ಹೌದವ್ವ, ನಾನ ಹಾಕೀನಿ." ಲಾಲಪ್ಪ ಎದೆ ತಟ್ಟಿಕೊಂಡ. "ಮುಚ್ಚುಮರಿ ಯಾಕ? ಕದ್ದು ಹಾಕೀನಿ ಖರೆ, ಕೆಟ್ಟದ್ದು ಹಾಕಿಲ್ಲ. ಭಾನುವಾರ ನನ್ನ ಹುಡುಗ ಗೆದ್ದಮ್ಯಾಲ ನಾನ ಎಲ್ಲಾರಿಗೂ ಹೇಳಾವ ಇದ್ದೆ. ಲಾಲಪ್ಪ ಹೆಂಗ ತಯಾರ ಮಾಡಿದ ಅಂತ ಪುಣ್ಯಾದ ಎಲ್ಲಾ ತಾಲೀಮ್ನವರೂ ಬಂದು ಕೇಳ್ಬೇಕು."

ರುದ್ರವ್ವ ಸೆರಗು ಸರಿಮಾಡಿಕೊಂಡು ಅವನೆದುರು ಮಣ್ಣಿನಲ್ಲೇ ಕುಳಿತಳು. ಗುಲ್ಟೇಕಡಿಯ ಡಾಕ್ಟರ್ ಸದಾನಂದರ ದವಾಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪೌಂಡರ್ ಅವಳು. ಗದಗಿನ ಹೆಣ್ಣುಮಗಳು, ಗುಳಿಗೆಯನ್ನು ಕಣ್ಣು ಮುಚ್ಚಿ ರುಚಿಯಿಂದಲೇ ಗುರುತು ಹಿಡಿಯುವವಳು. ಯಾರ್ಡಿನ ಕನ್ನಡ ಮಂದಿ ಏನಾದರೂ ಕಳೆದರೆ ಪೊಲೀಸ್ ಚೌಕಿಗೆ ಹೋಗುವ ಮೊದಲು ರುದ್ರವ್ವನ ಬಳಿಗೆ ಬರುತ್ತಿದ್ದರು. ಅದರ ಬಗ್ಗೆ ಅವಳಿಗೆ ಜಂಬ ಇರಲಿಲ್ಲ ಎಂದರೆ ಸುಳ್ಳಾದೀತು. ಬೇಕಾದಷ್ಟಿತ್ತು.

ಈ ಸಲ ಕಳೆದದ್ದು ಸರ ಅಲ್ಲ, ಸೈಕಲ್ಲಲ್ಲ, ಒಬ್ಬ ಮನುಷ್ಯನ ತೊಡೆ. ಗಂಡನ ತೊಡೆ ಕಳುವಾಗಿದೆ ಎಂದು ಹುಸೇನಪ್ಪನ ಹೆಂಡತಿ ಮಾನಮ್ಮ ಅಳುತ್ತ ಬಂದಾಗ ದವಾಖಾನೆಯ ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ರುದ್ರವ್ವ ನಗಲಿಲ್ಲ.

ಮೊದಲ ಅನುಮಾನ ಮಾರ್ತಾಂಡನ ಮೇಲೆ. ಪೇಟೆಯ ದೊಡ್ಡ ತಾಲೀಮಿನ ಹುಡುಗ, ಹೋದ ವರ್ಷದ 'ಕಾಮಗಾರ ಶ್ರೀ'. ಆದರೆ ಆ ಮಾರ್ತಾಂಡ ಒಂದು ದಿನ ತಾನಾಗಿ ಯಾರ್ಡಿಗೆ ಬಂದು, ಹುಸೇನಪ್ಪನ ತೊಡೆ ಹಿಚುಕಿ ನೋಡಿ, ಕಣ್ಣು ಕೆಂಪು ಮಾಡಿದ್ದ. "ಪೋರಾ, ತುಝೀ ಮಾಂಡೀ ಕುಠೇ ಗೇಲೀ? ಎಲ್ಲಿ ಹೋಯ್ತೋ ನಿನ್ನ ತೊಡೆ? ಅರ್ಧ ಮನುಷ್ಯನನ್ನು ಸೋಲಿಸಿ ನಾನು ಹೆಸರು ಕೆಡಿಸಿಕೊಳ್ಳಲೇ?" ಅಂಥ ಗಂಡುಮಗ ಕಳ್ಳತನ ಮಾಡುವುದಿಲ್ಲ. ರುದ್ರವ್ವ ಅವನ ಹೆಸರು ಹೊಡೆದು ಹಾಕಿದಳು.

ಎರಡನೆಯ ಅನುಮಾನ ಮನುಷ್ಯನ ಮೇಲಲ್ಲ, ಚಿಂತೆಯ ಮೇಲೆ. ಅದನ್ನು ಹೇಳಿದವರು ಡಾಕ್ಟರ್ ಸದಾನಂದರೇ. ಹೆದರಿಕೆ, ಚಿಂತೆ, ನಿದ್ದೆಗೇಡು ಹೆಚ್ಚಾದಾಗ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಒಂದು ಪುಟ್ಟ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಸುರಿಯುತ್ತದಂತೆ. ಆಪತ್ತಿನಲ್ಲಿ ಮೈಗೆ ಸಕ್ಕರೆ ಬೇಕು. ಎಲ್ಲಿಂದ ತರಬೇಕು? ಸ್ನಾಯುವನ್ನೇ ಕರಗಿಸಿ ತರುತ್ತದೆ. ಒಲೆಗೆ ಕಟ್ಟಿಗೆ ಸಾಲದಾದಾಗ ಬಾಗಿಲಿನ ಚೌಕಟ್ಟು ಕಿತ್ತು ಉರಿಸಿದ ಹಾಗೆ. ಎಷ್ಟು ಕಬ್ಬಿಣ ಎತ್ತಿದರೂ, ಎಷ್ಟು ಹಾಲು ಕುಡಿದರೂ, ಅಂಥವನ ಮೈಗೆ ಮಾಂಸ ಹತ್ತುವುದಿಲ್ಲ. ಹುಡುಗನಿಗೆ ಸ್ಪರ್ಧೆಯ ಚಿಂತೆ ಹತ್ತಿದೆ, ಮಲಗಲು ಹೇಳು, ಅಂದಿದ್ದರು ಡಾಕ್ಟರು.

ರುದ್ರವ್ವ ಒಪ್ಪಲಿಲ್ಲ. "ಚಿಂತಿ ಮನಶಾನ್ನ ತಿಂತದ್ರಿ ಸಾಹೇಬ್ರ, ಆದರ ಮಾರಿ ದುಂಡಗ ಮಾಡಂಗಿಲ್ಲ" ಎಂದು ಎದುರಾಡಿದ್ದಳು.

ಹುಸೇನಪ್ಪನ ಮುಖ ಹುಣ್ಣಿಮೆಯ ಚಂದ್ರನಾಗಿತ್ತು. ಅಂಗಿಯ ಕೊರಳ ಗುಂಡಿ ಕೂಡುತ್ತಿರಲಿಲ್ಲ. ಹೊಟ್ಟೆ ಮುಂದೆ, ಹೆಗಲ ಮೇಲೆ ಕೊಬ್ಬಿನ ಗಂಟು, ಕಂಕುಳಲ್ಲಿ ನೇರಳೆ ಗೀರು. ತೊಡೆ, ತೋಳು ಮಾತ್ರ ದಿನದಿನಕ್ಕೆ ಸಣ್ಣ. ಇಂಥ ಮೈಯನ್ನು ಅವಳು ಮೊದಲೂ ನೋಡಿದ್ದಳು, ವರ್ಷಗಟ್ಟಲೆ ದಮ್ಮಿಗೆ ಗುಳಿಗೆ ನುಂಗಿದ ಮುದುಕರಲ್ಲಿ. ಇಪ್ಪತ್ತಾರರ ಪೈಲ್ವಾನನಿಗೆ ದಮ್ಮೆಲ್ಲಿಂದ ಬಂತು? ಹಾಗೆ ಹುಡುಕುತ್ತ ಹೋದವಳು ಕಳೆದ ಶುಕ್ರವಾರ ಈ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ್ದಳು. ಅರಿಸಿನ ಒಗರು ನಿಜ. ಆದರೆ ಅರಿಸಿನ ಗಂಟಲಿನವರೆಗೆ ಬೆನ್ನಟ್ಟುವುದಿಲ್ಲ.

"ಗುಳಿಗಿ ತೋರಸ್ರಿ" ಅಂದಳು ಈಗ.

ಲಾಲಪ್ಪ ತಲೆಯ ಪಟಕಾದ ಮಡಿಕೆಯಿಂದ ಗುಳಿಗೆಯ ಹಾಳೆಯೊಂದನ್ನು ತೆಗೆದು, ಅಪರೂಪದ ವಸ್ತುವಿನಂತೆ ಅಂಗೈಯಲ್ಲಿಟ್ಟು ಕೊಟ್ಟ.

"ಭೋಸರಿ ಕಡೆ ಹೋಗಿ ತಂದೀನಿ, ಇಲ್ಲೆ ತಂದ್ರ ಸುದ್ದಿ ಆಗ್ತದಂತ. ಮುಂಬಯಿಯಿಂದ ಬಂದಿದ್ದ ಒಬ್ಬ ಪೈಲ್ವಾನ ಹೇಳಿದ್ದ, ಪರದೇಶದಾಗ ದೊಡ್ಡ ದೊಡ್ಡ ಮೈಯಾವ್ರೆಲ್ಲಾ ಸ್ಟೆರಾಯ್ಡ್ ತಗೋತಾರಂತ. ಅಂಗಡ್ಯಾವಗ ಅದನ್ನ ಕೇಳ್ದೆ. ಸ್ಟೆರಾಯ್ಡ್ ಕೊಡು, ಅಸಲಿ ಮಾಲು ಕೊಡು ಅಂದೆ. ಇದ ಸ್ಟೆರಾಯ್ಡ್ ಅಂತ ಕೊಟ್ಟ. ಬೆಳಗ್ಗೆ ಮೂರು, ಸಂಜಿಗೆ ಮೂರು, ಕುಟ್ಟಿ ಭಂಡಾರದಾಗ ಬೆರಸೀನಿ. ಗುಳಿಗಿ ಅಂದ್ರ ಹುಡುಗ ನುಂಗಂಗಿಲ್ಲ ನೋಡು, ಅದಕ್ಕ."

ರುದ್ರವ್ವ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು. ಪ್ರೆಡ್ನಿಸೋಲೋನ್. ತನ್ನ ನಾಲಿಗೆ ಮೂರು ದಿನ ಮೊದಲೇ ಓದಿದ್ದ ಹೆಸರು. ಆ ಗಳಿಗೆ ಅವಳಿಗಾದ ಖುಷಿಯನ್ನು ಮುಚ್ಚಿಡುವುದೇಕೆ? ದೊಡ್ಡ ದೊಡ್ಡ ಪದವಿಯವರು ರಕ್ತ ಮೂತ್ರ ಕಳಿಸಿ ಚೀಟಿ ಕಾಯುವಲ್ಲಿ, ಗದಗಿನ ರುದ್ರವ್ವ ಬರೀ ನಾಲಿಗೆಯಿಂದ ಪತ್ತೆ ಮಾಡಿದ್ದಳು!

"ಉಸ್ತಾದ್, ನಿಮ್ಮ ಟೋಳಿಯಾಗ ಲಾರಿಗೆ ಚೀಲ ಏರಸಾವ ಯಾರು?"

"ಶಂಕ್ರೆಪ್ಪ."

"ಇಳಸಾವ?"

"ಕಾಡಪ್ಪ. ಯಾಕವ್ವ?"

"ಇಬ್ಬರನ್ನೂ ಏನಂತ ಕರೀತೀರಿ?"

"ಹಮಾಲ ಅಂತ. ಮತ್ತೇನ್ ಕರೀಬೇಕು?"

"ಹಂಗ ಅದ ಇದು. ಸ್ಟೆರಾಯ್ಡ್ ಅನ್ನೂದು ಒಂದು ಜಾತಿ ಹೆಸರ್ರಿ. ಅದರಾಗ ಮಾಂಸ ಏರಸೂದೂ ಅದ, ಮಾಂಸ ಇಳಸೂದೂ ಅದ. ಏರಸೂದು ತಂದಿದ್ರೂ ನಾ ನಿಮ್ಮನ್ನ ಬಯ್ತಿದ್ದೆ, ಅದೂ ಒಳಗೊಳಗ ಕೆಡಸ್ತದ. ಆದರ ನೀವು ಏರಸಾವನ್ನ ಕರೀಲಿಕ್ಕೆ ಹೋಗಿ ಇಳಸಾವನ್ನ ಕರ್ಕೊಂಡು ಬಂದೀರಿ! ಮನಶಾಗ ಭಾಳ ಚಿಂತಿ ಆದಾಗ ಮೈಯಾಗ ಒಂದು ರಸ ಹುಟ್ಟತದ, ಮಾಂಸ ತಿನ್ನೂದು. ಇದು ಅದರ ಖಾಸಾ ತಮ್ಮ. ಎರಡು ತಿಂಗಳು ದಿನಾ ಆರು ಗುಳಿಗಿ ಚಿಂತಿ ಕುಟ್ಟಿ ಹುಡುಗನ ಬಾಯಾಗ ಹಾಕೀರಿ ನೀವು."

ಲಾಲಪ್ಪನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಬೇಡವಾಗಿತ್ತು.

"ಸುಳ್ಳು. ತೂಕ ಏರೇದಲ್ಲ! ತೋಲಾರ ಕಾಶಪ್ಪ ಚೀಲದ ತಕ್ಕಡಿ ಮ್ಯಾಲ ಎಲ್ಲಾರ ಮುಂದ ತೂಗ್ಯಾನ. ಒಂಬತ್ತು ಕಿಲೋ ಏರೇದ. ಯಾರ್ಡಿಗೆಲ್ಲಾ ಪೇಢೇ ಹಂಚೀನಿ ನಾ!"

"ತೂಕ ಏರೇದ. ಏನ್ ಏರೇದ ಅನ್ನೂದು ತಕ್ಕಡಿ ಹೇಳಂಗಿಲ್ರಿ. ಮಾರಿಗೆ ನೀರು, ಹೊಟ್ಟಿಗೆ ಕೊಬ್ಬು. ತೊಡಿ ಎಲ್ಲದ? ನೀವು ಕೈಯಾರೆ ಮಾಲೀಸ್ ಮಾಡಿದ ತೊಡಿ ಉಸ್ತಾದ್, ಎಲ್ಲದ ಹೇಳ್ರಿ?"

ಲಾಲಪ್ಪ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. ಆ ಕೈಗಳಿಗೆ ಗೊತ್ತಿತ್ತು. ಎರಡು ತಿಂಗಳಿಂದ ಎಣ್ಣೆ ತಿಕ್ಕುವಾಗೆಲ್ಲ ಅವಕ್ಕೆ ಗೊತ್ತಾಗುತ್ತಲೇ ಇತ್ತು. ಅವನು ಮಾತ್ರ ತಕ್ಕಡಿಯನ್ನು ನಂಬಿದ್ದ.

"ನಮ್ಮನ್ನ ಇಲ್ಲೆ ಏನಂತಾರ ಗೊತ್ತಲ್ಲ," ಎಂದ. "ಏ ಹಮಾಲ, ಏ ಕಾನಡಿ. ಹೆಸರಿಲ್ಲ ನಮಗ. ಒಂದ ದಿನ, ಒಂದ ದಿನ ಈ ಪುಣ್ಯಾದ ಮಂದಿ ನಮ್ಮ ಹುಡುಗನ್ನ ತಲಿ ಎತ್ತಿ ನೋಡ್ಬೇಕು. ಅಷ್ಟ ಇತ್ತವ್ವ ನನಗ."

ಅವನ ಕಣ್ಣಲ್ಲಿ ನೀರು ಬಂತು.  ಬೈಯಲು ಇಟ್ಟುಕೊಂಡಿದ್ದ ಅರ್ಧ ಬೈಗುಳವನ್ನು ರುದ್ರವ್ವ ನುಂಗಿಕೊಂಡಳು.

"ಚಿಂತಿ ಮಾಡಬ್ಯಾಡ್ರಿ. ಶುಕ್ರವಾರನ ನಾ ಬಂದ್ ಮಾಡಿಸೀನಿ. ಉಸ್ತಾದ್ ಭಂಡಾರ ಹಾಕಿದ್ರ ಹಾಕಿಸ್ಕೋ, ನುಂಗಬ್ಯಾಡ, ಹೊರಗ ಹೋಗಿ ಉಗಳು ಅಂತ ಹುಸೇನಪ್ಪಗ ತಾಕೀತು ಮಾಡೀನಿ. ಯಾಕ ಅಂತ ಹೇಳಿಲ್ಲ. ಹೇಳಿದ್ರ ನಿಮ್ಮ ಮುಂದ ಅವನ ಮಾರಿಯೊಳಗ ಗೊತ್ತಾಗತಿತ್ತು. ಮೂರು ದಿನ ಆತು, ಒಂದ ಕಾಳು ಹೊಟ್ಟಿಗೆ ಹೋಗಿಲ್ಲ."

ತಾನು ಎಷ್ಟು ಜಾಣೆ ಎಂದು ಅವಳು ಆಗ ಅಂದುಕೊಂಡಳು. ಅದು ಅವಳ ಮುಖದಲ್ಲೂ ಕಾಣುತ್ತಿತ್ತು.

ದವಾಖಾನೆಗೆ ಅವಳು ನಡೆದು ಹೋದ ಠೀವಿಯನ್ನು ನೋಡಬೇಕಿತ್ತು. ಬಟ್ಟಲು ಸೆರಗಿನ ಕೆಳಗೆ, ಗುಳಿಗೆಯ ಹಾಳೆ ಮುಷ್ಟಿಯಲ್ಲಿ. ಮೆಣಸಿನಕಾಯಿ ಸಾಲಿನಲ್ಲಿ ಕೃಷ್ಣಾಬಾಯಿ "ಕಾಯ್ ರುದ್ರವ್ವಬಾಯಿ, ಚೋರ್ ಸಾಪಡ್ಲಾ?" ಕಳ್ಳ ಸಿಕ್ಕನೇ ಎಂದು ಕೂಗಿದಾಗ, "ಸಾಪಡ್ಲಾ, ಸಾಪಡ್ಲಾ!" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ ಮುಂದೆ ಹೋದಳು.

ಡಾಕ್ಟರ್ ಸದಾನಂದರು ಹುಬ್ಬಳ್ಳಿಯ ಮದುವೆ ಮುಗಿಸಿ ಅಂದೇ ಬೆಳಿಗ್ಗೆ ರೈಲಿಳಿದು ಬಂದಿದ್ದರು. ಒಳಗಿನ ಮಂಚದ ಮೇಲೆ ಫಿಟ್ಸ್ ಬಂದ ಒಂದು ಕೂಸು. ಅದಕ್ಕೆ ಸಲಾಯಿನ್ ಹಚ್ಚುತ್ತಲೇ ಅವರು ರುದ್ರವ್ವನ ಕಥೆ ಕೇಳಿದರು. ಅವಳು ಬಿಡಿಬಿಡಿಯಾಗಿ ಹೇಳಿದಳು. ಕೊರಳ ಗುಂಡಿ, ಕಂಕುಳ ಗೀರು, ಭಂಡಾರದ ಕಹಿ, ಲಾಲಪ್ಪನ ಸ್ಟೆರಾಯ್ಡ್.

"ಶಭಾಷ್ ರುದ್ರವ್ವ!" ಎಂದರು ಡಾಕ್ಟರು. "ನಾನು ಚಿಂತೆ ಅಂದೆ, ನೀನು ಚಿಂತೆಯ ಗುಳಿಗೆ ಹುಡುಕಿ ತಂದಿ. ನಿನ್ನ ಮುಂದೆ ನನ್ನ ಪದವಿ ಏನೂ ಅಲ್ಲ ಬಿಡು. ಈಗ ನಿಧಾನಕ್ಕೆ ಇಳಿಸಿಕೊಂಡು ಬರೋಣ. ಈ ವಾರ ಐದು, ಮುಂದಿನ ವಾರ ನಾಲ್ಕು..."

"ಇಳಸೂದೇನ್ರಿ? ನಾ ಶುಕ್ರವಾರನ ಪೂರಾ ಬಂದ್ ಮಾಡಿಸೀನಿ."

ಡಾಕ್ಟರ ಕೈ ಸಲಾಯಿನ್ ನಳಿಗೆಯ ಮೇಲೆಯೇ ನಿಂತಿತು.

"ಪೂರಾ?"

"ಒಂದ ಕಾಳು ಸೈತ ಇಲ್ರಿ."

"ಎರಡು ತಿಂಗಳು ಮೂವತ್ತು ಮಿಲಿಗ್ರಾಂ ಕೊಟ್ಟು ಒಂದೇ ದಿನ ನಿಲ್ಲಿಸಿಬಿಟ್ಟಿಯಾ? ರುದ್ರವ್ವ, ಆ ರಸ ಬರೀ ಮಾಂಸ ತಿನ್ನುವ ಕಳ್ಳ ಅಲ್ಲ. ಆಪತ್ತಿನಲ್ಲಿ ರಕ್ತದ ಒತ್ತಡ ಹಿಡಿದು ನಿಲ್ಲಿಸುವುದೂ ಅದೇ. ಅದಿಲ್ಲದೆ ಮನುಷ್ಯ ನಿಲ್ಲಲಾರ. ಹೊರಗಿಂದ ಗುಳಿಗೆ ಬರುತ್ತಿದ್ದರೆ ಒಳಗಿನ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಗುಳಿಗೆ ನಿಂತ ಮರುದಿನ ಎದ್ದೇಳುವುದಿಲ್ಲ, ತಿಂಗಳುಗಳೇ ಬೇಕು. ಈಗ ಅವನ ಮೈಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸುಮ್ಮನೆ ಮಲಗಿದ್ದರೆ ಹೇಗೋ ನಡೆದೀತು. ಉಪವಾಸ, ಬಿಸಿಲು, ಭಾರ ಏನಾದರೂ ಬಿತ್ತೋ, ಕುಸಿದು ಹೋಗುತ್ತಾನೆ. ಎಲ್ಲಿದ್ದಾನೆ ಅವನು?"

 ಹತ್ತೊಂಬತ್ತು ವರ್ಷದಲ್ಲಿ ಡಾಕ್ಟರನ್ನು ಕೇಳದೆ ರುದ್ರವ್ವ ಒಂದೇ ಒಂದು ಔಷಧ ನಿಲ್ಲಿಸಿದ್ದಳು. ಇದೊಂದೇ.

"ಅಕ್ಕಾ" ಎಂದು ಬಾಗಿಲಲ್ಲಿ ದನಿ. ಮಾನಮ್ಮ. ಸಾಲಿನಲ್ಲಿ ನಿಂತು ನಿಂತು ಸಾಕಾಗಿ ಒಳಗೇ ಬಂದಿದ್ದಳು. "ನಮ್ಮವಗ ವಾಂತಿಗೆ ಒಂದು ಗುಳಿಗಿ ಕೊಡಕ್ಕಾ. ನಿನ್ನಿಯಿಂದ ಒಂದ ಸವನ ವಾಂತಿ, ತಲಿ ತಿರಗ್ತದ ಅಂತಾನ. ನೆಟ್ಟಗ ನಿಂದ್ರಾಕ ಬರವಲ್ದು."

"ಮನ್ಯಾಗ ಮಲಗ್ಯಾನಿಲ್ಲೋ?"

"ಎಲ್ಲಿ ಮಲಗ್ತಾನಕ್ಕಾ! ನಸಿಕಿನ್ಯಾಗ ಎದ್ದು ಲಾರಿ ಹತ್ತಿ ಜೇಜುರಿಗೆ ಹೋಗ್ಯಾನ. ಇವತ್ತ ಚಂಪಾಷಷ್ಠಿ, ನಮ್ಮ ಮೈಲಾರ ಮಲ್ಲಯ್ಯನ ಜಾತ್ರಿ ಅಲ್ಲ? ಮೂರು ದಿನ ಆತು ಅಕ್ಕಾ, ಏನೋ ಒಂಥರಾ ಆಗ್ಯಾನ. ಮಲ್ಲಯ್ಯನ ಭಂಡಾರ ಉಗಳೀನಿ ಮಾನೀ, ನನಗ ಒಳ್ಳೇದಾಗಂಗಿಲ್ಲ ಅಂತ ಅಳ್ತಾನ. ಯಾಕ ಉಗಳಿದಿ ಅಂದ್ರ ಹೇಳಂಗಿಲ್ಲ. ತಪ್ಪು ಕಾಣಿಕಿ ಅಂತ ಅರ್ಧ ಕ್ವಿಂಟಾಲ್ ಅರಿಷಿಣ ಚೀಲ ಹೊತ್ಕೊಂಡು ಮೆಟ್ಟಲಾ ಏರ್ತೀನಿ ಅಂತ ಬೇಡ್ಕೊಂಡಾನ. ನಿನ್ನಿಯಿಂದ ಹೊಟ್ಟಿಗೆ ಒಂದ ಹನಿ ನೀರಿಲ್ಲ."

ಉಗುಳು ಎಂದು ಹೇಳಿದ್ದು ಯಾರು? ಮೈಲಾರಲಿಂಗನ ಒಕ್ಕಲಿನವನಿಗೆ ಭಂಡಾರ ಉಗುಳು ಎನ್ನುವುದೂ, ಹೆತ್ತ ತಾಯಿಯ ಮುಖಕ್ಕೆ ಉಗುಳು ಎನ್ನುವುದೂ ಒಂದೇ. ಅಷ್ಟು ತಿಳಿಯದ ಪರದೇಶಿಯೇ ರುದ್ರವ್ವ? ತಿಳಿದಿತ್ತು. ಪತ್ತೆ ಮಾಡುವ ಭರದಲ್ಲಿ ಮರೆತಿದ್ದಳು.

ಡಾಕ್ಟರು ಕೂಸಿನ ಕೈ ಬಿಡುವಂತಿರಲಿಲ್ಲ. ಗಾಜಿನ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆಸಿದರು.

"ಹೈಡ್ರೋಕಾರ್ಟಿಸೋನ್, ನನ್ನ ಹತ್ತಿರ ಇರುವುದು ಇದೊಂದೇ. ನೀರಿನಲ್ಲಿ ಕಲಸು, ತೊಡೆಗೆ ಚುಚ್ಚು. ಆಮೇಲೆ ಸಕ್ಕರೆ ಉಪ್ಪಿನ ನೀರು ಕುಡಿಸಿ ಆಸ್ಪತ್ರೆಗೆ ಹಾಕು. ಸಾವಿರ ಸೂಜಿ ಚುಚ್ಚಿದವಳು ನೀನು. ಹೋಗು. ಹೊತ್ತು ಕಳೆದರೆ ಸೂಜಿಯೂ ಕೆಲಸಕ್ಕೆ ಬರುವುದಿಲ್ಲ."

ಮಾನಮ್ಮನನ್ನು ಡಾಕ್ಟರ ನೆರವಿಗೆ ಕೂಸಿನ ಬಳಿ ಬಿಟ್ಟು ಓಡಿದವಳಿಗೆ ಲಾಲಪ್ಪನ ಟೋಳಿಯ ಟೆಂಪೋ ಸಿಕ್ಕಿತು. ದಿವೆ ಘಾಟಿನ ತಿರುವುಗಳಲ್ಲಿ ಯಾತ್ರೆಯ ಎತ್ತಿನ ಗಾಡಿಗಳು, ಲಾರಿಗಳು, ಸಾಲುಗಟ್ಟಿ ನಡೆಯುವ ಜನ. ಮುಂದೆ ಹೋಗಲು ಗಳಿಗೆಗೊಮ್ಮೆ ಜಗಳ. ಸುದ್ದಿ ಕೇಳಿದ ಲಾಲಪ್ಪ ಡ್ರೈವರನ ಪಕ್ಕದಲ್ಲಿ ಕುಳಿತು ತಲೆ ತಲೆ ಹೊಡೆದುಕೊಳ್ಳುತ್ತಿದ್ದ.

"ಅವನ ಜೀವ ಒಂದು ಉಳಿದ್ರ ಸಾಕು ರುದ್ರವ್ವ. ಸ್ಪರ್ಧೆ ಹಾಳಾಗಿ ಹೋಗ್ಲಿ. ಎಲ್ಲಾರ ಮುಂದ ನಾನ ಮಾಡೀನಿ ಅಂತ ಹೇಳ್ತೀನಿ, ಬೇಕಾದ್ರ ಚಪ್ಪಲಿಲೆ ಹೊಡೀಲಿ."

"ತಪ್ಪು ನಿಮ್ಮದೊಂದ ಅಲ್ರಿ" ಎಂದಳು ರುದ್ರವ್ವ. ಅಷ್ಟು ಹೇಳಲು ಅವಳಿಗೆ ಬಹಳ ಕಷ್ಟವಾಯಿತು.

ಜೇಜುರಿ ಮುಟ್ಟಿದಾಗ ಹನ್ನೊಂದೂವರೆ. ಗುಡ್ಡವೆಲ್ಲ ಹಳದಿ. ಮೆಟ್ಟಿಲು ಹಳದಿ, ದೀಪಮಾಲೆಯ ಕಂಬಗಳು ಹಳದಿ, ಜನರ ಕೂದಲು ರೆಪ್ಪೆ ಹಳದಿ. "ಯೇಳಕೋಟ ಯೇಳಕೋಟ" ಎಂದು ಮರಾಠಿಯವರು, "ಏಳುಕೋಟಿಗೆ" ಎಂದು ಕನ್ನಡದವರು. ರುದ್ರವ್ವ ಸೀರೆ ಮೇಲೆ ಕಟ್ಟಿಕೊಂಡು ಎರಡೆರಡು ಮೆಟ್ಟಿಲು ದಾಟಿದಳು. ಹಿಂದೆ ಲಾಲಪ್ಪ.

"ದೊಡ್ಡ ಚೀಲ ಹೊತ್ತ ಒಬ್ಬ ಪೈಲ್ವಾನನ್ನ ನೋಡಿದ್ರೇನು?" ಎಂದು ಕಂಡಕಂಡವರನ್ನು ಕೇಳಿದಳು.

ಕಲಬುರ್ಗಿ ಕಡೆಯ ಒಬ್ಬ ಮುದುಕಿ ಕೈ ಮುಗಿದು ಮೇಲೆ ತೋರಿಸಿದಳು. "ನೋಡಿದ್ವಿ ತಾಯಿ! ಅಲ್ಲೆ ಅದಾನ. ಮಲ್ಲಯ್ಯ ಮೈಮ್ಯಾಲ ಬಂದಾನ ಅವಗ. ಹೋಗ್ರಿ, ಕಾಲಿಗೆ ಬೀಳ್ರಿ."

ಅರ್ಧ ಗುಡ್ಡದಲ್ಲಿ, ಒಂದು ಕಮಾನಿನ ಕೆಳಗಿನ ಕಟ್ಟೆಯ ಮೇಲೆ, ಚೀಲಕ್ಕೆ ಬೆನ್ನು ಕೊಟ್ಟು ಹುಸೇನಪ್ಪ ಕೂತಿದ್ದ. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ಬರಿಮೈ ಬೆವರಿ ಗಡಗಡ ನಡುಗುತ್ತಿತ್ತು, ಬೆವರಿಗೆ ಭಂಡಾರ ಮೆತ್ತಿ ಮುಖ ಎದೆ ಎಲ್ಲ ಬಂಗಾರದ ಬಣ್ಣ. ಸುತ್ತ ನೂರಾರು ಜನ. ಅವನ ಮುಂದೆ ಕರಿ ಕಂಬಳಿಯ ಒಬ್ಬ ಮುದಿ ಗೊರವ ಡಮರು ಬಾರಿಸುತ್ತ ಕಾವಲು ನಿಂತಿದ್ದ.

ರುದ್ರವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೀಸೆ ತೆರೆದು, ನೀರಿನಲ್ಲಿ ಕಲಸಿ, ಸೂಜಿಗೆ ಏರಿಸಿದಳು.  ಜನರ ನಡುವೆ ನುಗ್ಗಿದಳು.

ಗೊರವ ಕೋಲು ಅಡ್ಡ ಹಿಡಿದ. "ಏನದು ಕೈಯಾಗ?"

"ಸರೀರಿ ಅಜ್ಜಾ. ದೇವರಲ್ಲ ಇದು, ರೋಗ. ಹುಡುಗ ಸಾಯ್ತಾನ."

"ದೇವರ ಮೈಗೆ ಸೂಜಿ ಚುಚ್ತೀಯೇನು?" ಗೊರವನ ಕೈಯ ಡಮರು ನಿಂತಿತು. ಜನ ಹತ್ತಿರ ಸರಿದರು. ಯಾರೋ ಅವಳ ಮುಂಗೈ ಹಿಡಿದರು. "ಯಾರವ್ವ ನೀ? ಅವನ ತಾಯೇನು?" ಎಂದ ಗೊರವ.

"ಅಲ್ಲ. ಆದರ ಇವರು ಅವನ ಉಸ್ತಾದ್. ಇವರನ್ನ ಕೇಳ್ರಿ!"

ಗೊರವ ಲಾಲಪ್ಪನನ್ನು ಮೇಲಿನಿಂದ ಕೆಳಗೆ ನೋಡಿದ. "ಹುಡುಗ ಬಡಬಡಸ್ತಿದ್ದನಲ್ಲ, ಅವನ ಬಾಯಾಗ ಭಂಡಾರ ಹಾಕಿದ ಗುರು ನೀನೇನು? ಹಂಗಾರ ನೀ ಹೇಳು. ಮಲ್ಲಯ್ಯನ ಆಣಿ ಮಾಡಿ ಹೇಳು. ದೇವರಲ್ಲ, ರೋಗ ಅಂತ ನೀ ಅಂದ್ರ ನಾ ದಾರಿ ಬಿಡ್ತೀನಿ."

ಒಂದು ಮಾತು ಸಾಕಿತ್ತು. ರುದ್ರವ್ವ ಲಾಲಪ್ಪನ ಕಡೆ ತಿರುಗಿದಳು. "ಹೇಳ್ರಿ ಉಸ್ತಾದ್. ಲಗೂನ ಹೇಳ್ರಿ."

ಲಾಲಪ್ಪ ಅವಳನ್ನು ನೋಡುತ್ತಿರಲಿಲ್ಲ. ಹುಸೇನಪ್ಪನ ಪಾದಗಳನ್ನು ನೋಡುತ್ತಿದ್ದ. ಅಲ್ಲಿ ಜರಿ ಪಗಡಿಯ ಒಬ್ಬ ವ್ಯಾಪಾರಿ ಅಡ್ಡಬಿದ್ದಿದ್ದ. ಅವನ ಹಿಂದೆ ಕೋಟು ತೊಟ್ಟ ಸಾಹೇಬ, ಅವನ ಹಿಂದೆ ಮಗುವನ್ನು ಎತ್ತಿಕೊಂಡ ವಾಡೆಯ ಹೆಂಗಸು. ಮೆಟ್ಟಿಲ ಕೆಳಗಿನವರೆಗೂ ಸಾಲು. ಯಾರೂ ಏ ಹಮಾಲ ಅನ್ನುತ್ತಿರಲಿಲ್ಲ. ಪುಣೆಗೆ ಪುಣೆಯೇ ಅವನ ಹುಡುಗನಿಗೆ ತಲೆ ಬಾಗಿಸಿ ಕಾಯುತ್ತಿತ್ತು.

ಲಾಲಪ್ಪನ ಎದೆ ಉಬ್ಬಿ ಬಂತು. ಮೀಸೆ ಅದುರಿತು. ಕಣ್ಣಿನಿಂದ ನೀರು ಇಳಿದು ಗಲ್ಲದ ಹಳದಿಯಲ್ಲಿ ಹರಿಯಿತು. ರುದ್ರವ್ವ ಅವನ ರಟ್ಟೆ ಹಿಡಿದು ಅಲುಗಾಡಿಸಿದಳು.

ಅವನು ಅವಳ ಕೈ ಬಿಡಿಸಿಕೊಂಡು, ಎರಡೂ ತೋಳು ಆಕಾಶಕ್ಕೆ ಎತ್ತಿ, ಗುಡ್ಡ ಮೊಳಗುವಂತೆ ಕೂಗಿದ.

"ಯಾರೂ ಮುಟ್ಟಬ್ಯಾಡ್ರಿ! ನನ್ನ ಹುಡುಗನ ಮೈಯಾಗ ಮಲ್ಲಯ್ಯ ಬಂದಾನ!"

ಏಳುಕೋಟಿಯ ಕೂಗು ಎದ್ದಿತು. ನೂರು ಕೈಗಳು ಭಂಡಾರ ತೂರಿದವು. ಹುಸೇನಪ್ಪನ ತಲೆ ಎದೆಯ ಮೇಲೆ ಬಿದ್ದದ್ದನ್ನು, ಅವನ ನಡುಕ ನಿಂತದ್ದನ್ನು, ಆ ಹಳದಿ ಧೂಳಿನ ನಡುವೆ ರುದ್ರವ್ವ ಒಬ್ಬಳೇ ನೋಡಿದಳು.